ಕಲಬುರಗಿ ಕಡೆಯ ಹುಡುಗ ಮಾತು ಕಮ್ಮಿ ಮಾಡಿದ್ದೇಕೆ

ಕಲ್ಚರ್ ಶಾಕ್, ಅಂದ್ರೆ ಹೊಸ ಜಾಗದ ರೀತಿನೀತಿ ಗೊತ್ತಾಗದೆ ಕಂಗಾಲಾಗೋದು, ಅಮೆರಿಕಕ್ಕೋ ಜರ್ಮನಿಗೋ ಹೋದೋರಿಗೆ ಮಾತ್ರ ಆಗೋದು ಅಂತ ನಮ್ಮ ಮೈಸೂರಲ್ಲಿ ಎಷ್ಟೋ ಜನ ತಿಳಿದಿದ್ದಾರೆ. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಗೆ ಓದೋಕೆ ಬರೋ ಕಲಬುರಗಿ, ಬೀದರ್, ರಾಯಚೂರು ಮಕ್ಕಳನ್ನ ಕೇಳಿ ನೋಡಿ. "ಅವರೂ ಕನ್ನಡದವರೇ ಅಲ್ವಾ, ಅವರಿಗೇನು ಕಷ್ಟ?" ಅಂತ ಯಾರಾದ್ರೂ ಅಂದಾಗ ನನಗೆ ನಿಜಕ್ಕೂ ಸಂಕಟ ಆಗುತ್ತೆ.

ಪಡುವಾರಹಳ್ಳಿಯ ನಮ್ಮ ಮನೆ ಮಹಡಿಯಲ್ಲಿ ಜೇವರ್ಗಿ ಕಡೆಯ ಹುಡುಗನೊಬ್ಬ ಬಾಡಿಗೆಗಿದ್ದಾನೆ. ಬಂದ ಹೊಸದರಲ್ಲಿ ಪಕ್ಕದ ಬೀದಿಯ ಹಿರಿಯರೊಬ್ಬರು "ಒಂದ್ಸಲ ಮನೆ ಕಡೆ ಬಾಪ್ಪಾ" ಅಂದಿದ್ರು. ಭಾನುವಾರ ಹೋಗೇಬಿಟ್ಟ. ಅವರು ಗೇಟು ತೆಗೆಯದೆ, ಒಳಗಿಂದಲೇ "ಏನ್ ಸಮಾಚಾರ?" ಅಂತ ಎರಡು ಮಾತಾಡಿ ಕಳಿಸಿದ್ರು. ಅವರ ಮನಸ್ಸು ಕೆಟ್ಟದ್ದಲ್ಲ. ಅದು ಉಪಚಾರದ ಮಾತು ಅಂತ ನಮಗೆ ಗೊತ್ತು, ಅವನಿಗೆ ಹೇಗೆ ಗೊತ್ತಾಗಬೇಕು? ಅವನ ಊರಲ್ಲಿ ಬಾ ಅಂದ್ರೆ ಚಹಾಕ್ಕೆ ನೀರಿಟ್ಟ ಹಾಗೇ.

ಮಾನವಶಾಸ್ತ್ರಜ್ಞ ಕಲೆರ್ವೊ ಒಬರ್ಗ್ 1954ರಲ್ಲಿ ಬ್ರೆಜಿಲ್‌ನಲ್ಲಿ ಕಲ್ಚರ್ ಶಾಕ್ ಬಗ್ಗೆ ಮಾಡಿದ ಭಾಷಣದಲ್ಲಿ ಹೇಳಿದ್ದೂ ಇದನ್ನೇ. ಯಾವಾಗ ಕೈ ಕುಲುಕಬೇಕು, ಯಾವ ಕರೆಗೆ ಹೋಗಬೇಕು, ಯಾವ ಮಾತನ್ನ ಮನಸ್ಸಿಗೆ ತಗೋಬೇಕು ಅನ್ನೋದು ನಮ್ಮೂರಲ್ಲಿ ಯೋಚಿಸದೇನೇ ಗೊತ್ತಿರುತ್ತೆ. ಆ ಗುರುತುಗಳೆಲ್ಲ ಒಮ್ಮೆಗೇ ಕೈತಪ್ಪಿದಾಗ ಮನುಷ್ಯ ಕಂಗಾಲಾಗ್ತಾನೆ.

ಊಟದ್ದು ಇನ್ನೊಂದು ಕಥೆ. ಕಲಬುರಗಿ ಕಡೆಯವರದ್ದು ಕಪ್ಪು ಮಣ್ಣು, ಹಿಂಗಾರಿ ಜೋಳ. ನಮ್ಮದು ಕೆಂಪು ಮಣ್ಣು, ರಾಗಿ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಅಗಿದು ಬೆಳೆದವನು ಮೆಸ್ಸಲ್ಲಿ ಮುದ್ದೇನೂ ಅಗಿದ. ಎದುರು ಕೂತವರು ನಕ್ಕರು. ಆಮೇಲೆ ನಮ್ಮಮ್ಮ ಬಸ್ಸಾರು ಮಾಡಿದ ದಿನ ಕರೆದು ಕೂರಿಸಿ, ಚೂರು ಮುರಿದು, ಬೆರಳಲ್ಲೇ ಉರುಟು ಮಾಡಿ, ಸಾರಲ್ಲಿ ಹೊರಳಿಸಿ ನುಂಗೋದು ತೋರಿಸಿದ್ರು. ಈಗ ಎರಡು ಮುದ್ದೆ ಉಣ್ತಾನೆ.

ಊಟ ಹೀಗೆ ಸರಿಹೋಗುತ್ತೆ. ನಗೋದು ನಿಲ್ಲಬೇಕಲ್ಲ. ಅವನು "ಹೌದ್ರೀ ಸರ" ಅಂದಾಗೆಲ್ಲ ಕ್ಲಾಸಲ್ಲಿ ಯಾರೋ ಅದನ್ನೇ ಅಣಕಿಸ್ತಾರಂತೆ. ಅದಕ್ಕೇ ಪ್ರಶ್ನೆ ಕೇಳೋದನ್ನೇ ಬಿಟ್ಟಿದ್ದಾನೆ. ರಾತ್ರಿ ಅವ್ವನ ಫೋನ್ ಬಂದ್ರೆ ಮಾತ್ರ ಗಂಟಲು ಬಿಚ್ಚಿ ಮಾತಾಡ್ತಾನೆ. ಹೈದರಾಬಾದ್ ರಾಜ್ಯದಲ್ಲಿದ್ದ ಕಲಬುರಗಿ, ನಮ್ಮ ಹಳೇ ಮೈಸೂರು ಒಂದಾಗಿದ್ದು 1956ರಲ್ಲಿ. ಇಷ್ಟು ವರ್ಷ ಆದಮೇಲೂ ಇಲ್ಲಿ ಒಬ್ಬ ಕನ್ನಡದ ಹುಡುಗ ತನ್ನ ಕನ್ನಡಕ್ಕೆ ನಾಚಿಕೊಳ್ಳೋ ಹಾಗಾದ್ರೆ ಅದು ನಮ್ಮ ತಪ್ಪು, ಅವನದ್ದಲ್ಲ.

ಹೊಸ ಬ್ಯಾಚ್ ಬರುತ್ತೆ. ಮೇಷ್ಟ್ರುಗಳೇ, ಕ್ಲಾಸಲ್ಲಿ ಅಣಕಿಸೋರನ್ನ ಮೊದಲ ದಿನವೇ ತಡೀರಿ. ಪಡುವಾರಹಳ್ಳಿ, ಸರಸ್ವತಿಪುರಂ ಮೆಸ್ಸಿನವರೇ, ವಾರಕ್ಕೆರಡು ದಿನವಾದ್ರೂ ಜೋಳದ ರೊಟ್ಟಿ ತಟ್ಟಿಸಿ. ತಿನ್ನೋರು ಖಂಡಿತ ಬರ್ತಾರೆ.