ನಾನು ಆಡಲೇ ಇಲ್ಲ ಮಾರಾಯ್ರೆ, ಮತ್ತೆ ಸೋತದ್ದು ಹೇಗೆ?

ನಿನ್ನೆ ರಾತ್ರಿ ನಮ್ಮ ವಾಟ್ಸಾಪ್ ಗ್ರೂಪಿಗೆ ಒಂದು ಲೆಕ್ಕದ ಚೀಟಿ ಬಂತು. ಕೈಯಲ್ಲಿ ಬರೆದು ಫೋಟೋ ತೆಗೆದು ಹಾಕಿದ್ದು. ಮೊದಲ ಸಾಲು ರೂಮಿನ ಬಾಡಿಗೆ, ಸರಿ. ಎರಡನೆಯದು ಪೆಟ್ರೋಲು, ಟೋಲು, ಅದೂ ಸರಿ. ಮೂರನೆಯ ಸಾಲು ಓದಿ ನನ್ನ ಮಂಡೆ ಬಿಸಿಯಾದದ್ದು ಈ ಹೊತ್ತಿನವರೆಗೂ ಆರಿಲ್ಲ. 'ಗ್ರೂಪ್ ಆಟ 20,000. ತಲೆಗೆ 4,000.'

ಗ್ರೂಪ್ ಆಟವಂತೆ! ಗೋವಾದ ಪಣಜಿಯ ಆ ಕ್ಯಾಸಿನೋ ಬೋಟಿನಲ್ಲಿ ಇಡೀ ರಾತ್ರಿ ನಾನು ಒಂದು ರೂಪಾಯಿ ಆಡಿಲ್ಲ. ಒಂದು ಎಲೆ ಮುಟ್ಟಿಲ್ಲ. ನಾನು ಮುಟ್ಟಿದ್ದು ಪನೀರು ಮತ್ತು ಸೋಡಾ ಮಾತ್ರ.

ನಾವು ಐದು ಜನ. ಉಡುಪಿಯ ಹತ್ತಿರದ ಒಂದೇ ಊರಿನವರು, ಒಂದೇ ಕ್ರಿಕೆಟ್ ಟೀಮಿನವರು. ಹೆಸರು ಬೇಡ, ಅಡ್ಡಹೆಸರು ಸಾಕು. ಪ್ರೆಸಿಡೆಂಟ್ ಅಂದರೆ ಟೀಮಿನ ಅಧ್ಯಕ್ಷ, ಹತ್ತು ವರ್ಷದಿಂದ ಚುನಾವಣೆಯೇ ಇಲ್ಲದೆ. ಗಲ್ಫ್, ರಜೆಯಲ್ಲಿ ಬಂದವ. ಮಾಸ್ಟ್ರು ಶಾಲೆಯಲ್ಲಿ ಪಿಟಿ. ಸಣ್ಣವನಿಗೆ ಆರಡಿ ಎತ್ತರ. ನಾನು ಒಂದು ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯುವವ. ದಿನವಿಡೀ ಬೇರೆಯವರ ದುಡ್ಡು ಎಣಿಸುತ್ತೇನೆ. ಅದಕ್ಕೇ ಇರಬೇಕು, ನನ್ನ ಹತ್ತಿರ ದುಡ್ಡು ಉಂಟೆಂದು ಇವರಿಗೆಲ್ಲ ಗಟ್ಟಿ ನಂಬಿಕೆ.

ಗೋವಾಕ್ಕೆ ನಾವು ಎಷ್ಟೋ ಸಲ ಹೋಗಿದ್ದೇವೆ. ಬೀಚು, ಚರ್ಚು, ಬರುವಾಗ ಮಾಜಾಳಿ ಚೆಕ್‌ಪೋಸ್ಟಿನಲ್ಲಿ ಬ್ಯಾಗು ಬಿಚ್ಚಿ ತೋರಿಸುವುದು. ಆದರೆ ಕ್ಯಾಸಿನೋ ಒಳಗೆ ಯಾರೂ ಕಾಲಿಟ್ಟಿರಲಿಲ್ಲ. ಗಲ್ಫ್ ವಾಪಸು ಹೋಗುವ ಮೊದಲು ಒಮ್ಮೆ ನೋಡಿಯೇ ಬಿಡುವ ಎಂದು ಪ್ರೆಸಿಡೆಂಟ್ ಶುರು ಮಾಡಿದ. ತಲೆಗೆ 3,500. ಊಟ ಫ್ರೀ, ಕುಡಿಯಲಿಕ್ಕೆ ಫ್ರೀ, ಮೇಲಿಂದ 2,000ದ ಚಿಪ್ಸ್ ಫ್ರೀ. ತಿನ್ನುವ ಚಿಪ್ಸ್ ಅಲ್ಲ, ಆಟದಲ್ಲಿ ದುಡ್ಡಿನ ಬದಲು ಇಡುವ ಬಿಲ್ಲೆ. 'ಲೆಕ್ಕ ಹಾಕು ಮಾರಾಯ, ನೀನೇ ಲೆಕ್ಕದವ. ಬರೀ 1,500ಕ್ಕೆ ಇಡೀ ರಾತ್ರಿ' ಎಂದ. ನಾನು ಕುಡಿಯುವುದಿಲ್ಲ. ಶನಿವಾರ ನನಗೆ ಮೀನು ಮಾಂಸ ಇಲ್ಲ. ಇವರು ಆರಿಸಿದ ದಿನ ಯಾವುದು? ಶನಿವಾರ. ಹಾಗೆ ನೋಡಿದರೆ ಅಲ್ಲಿಂದಲೇ ನನ್ನ ಸೋಲು ಶುರು.

ದಾರಿಯ ಕತೆ ಬೇಡ. ಸಾಸ್ತಾನದಲ್ಲಿ ಟೋಲು, ಶಿರೂರಿನಲ್ಲಿ ಟೋಲು, ಅಂಕೋಲಾದಲ್ಲಿ ಚಾ. ಸಂಜೆ ಪಣಜಿ.

ಚಂದ ಇಲ್ಲ ಎಂದು ಸುಳ್ಳು ಹೇಳುವುದಿಲ್ಲ. ಕತ್ತಲಾದ ಮೇಲೆ ಮಾಂಡೋವಿ ಹೊಳೆಯಲ್ಲಿ ಸಾಲಾಗಿ ಬೋಟುಗಳು, ಮೈತುಂಬ ಲೈಟು. ನಮ್ಮೂರಿನ ಜಾತ್ರೆಯನ್ನು ಯಾರೋ ಎತ್ತಿ ನೀರಿನ ಮೇಲೆ ಇಟ್ಟ ಹಾಗೆ. ದಡದಲ್ಲಿ ಕ್ಯೂ. ಕ್ಯೂನಲ್ಲಿ ಎಲ್ಲಿ ಕೇಳಿದರೂ ಕನ್ನಡ. ಹುಬ್ಬಳ್ಳಿ, ಬೆಳಗಾವಿ, ಬೆಂಗಳೂರು. ಮಾಸ್ಟ್ರು ಬರ್ಮುಡಾ ಚಡ್ಡಿಯಲ್ಲಿ ಬಂದಿದ್ದರು, ಬಾಗಿಲಲ್ಲೇ ತಡೆದರು. ಪ್ಯಾಂಟು ಬೇಕಂತೆ, ಚಪ್ಪಲಿ ಆಗದಂತೆ. ಮಕ್ಕಳಿಗೆ ಯೂನಿಫಾರ್ಮ್ ಇಲ್ಲದಿದ್ದರೆ ಹೊರಗೆ ನಿಲ್ಲಿಸುವ ಮನುಷ್ಯ ಸ್ವತಃ ಹೊರಗೆ ನಿಂತದ್ದು ನೋಡಿ ನನಗೆ ಆ ರಾತ್ರಿಯ ಒಂದೇ ಒಂದು ನಗು ಬಂತು. ಪಕ್ಕದ ಅಂಗಡಿಯಲ್ಲಿ 1,500 ಕೊಟ್ಟು ಪ್ಯಾಂಟು ತೆಗೆದುಕೊಂಡರು. ಆ 1,500 ಕೂಡ ಚೀಟಿಯಲ್ಲಿ ಉಂಟು, 'ಇತರೆ' ಎಂದು, ತಲೆಗೆ 300. ನಾನು ಅವರ ಪ್ಯಾಂಟಿನ ಐದರಲ್ಲಿ ಒಂದು ಪಾಲುದಾರ!

ಸಣ್ಣ ಬೋಟಿನಲ್ಲಿ ಕೂರಿಸಿ ದೊಡ್ಡ ಬೋಟಿಗೆ ಬಿಟ್ಟರು. ಅದು ಎಲ್ಲಿಗೂ ಹೋಗುವುದಿಲ್ಲ. ಲಂಗರು ಹಾಕಿ ನಿಂತದ್ದು. ಮಲ್ಪೆಯ ಬೋಟು ಹೊರಟರೆ ಬಂಗುಡೆಯಾದರೂ ತರುತ್ತದೆ. ಇಲ್ಲಿ ನಾವೇ ಬಂಗುಡೆ.

ಒಳಗೆ ಹೋದ ಕೂಡಲೇ ಫ್ರೀ ಚಿಪ್ಸಿನ ಬಣ್ಣ ಗೊತ್ತಾಯಿತು. ಅದಕ್ಕೆ ಓಟಿಪಿ ಚಿಪ್ಸ್ ಎಂದು ಹೆಸರು. ಮೊಬೈಲಿಗೆ ಬರುವ ಓಟಿಪಿ ಅಲ್ಲ, ಒನ್ ಟೈಮ್ ಪ್ಲೇ. ಒಂದೇ ಸಲ ಆಡಬಹುದು, ನಗದು ಮಾಡಿಕೊಳ್ಳಲಿಕ್ಕೆ ಆಗುವುದಿಲ್ಲ. ರೂಲೆಟ್ ಎಂದು ಒಂದು ಆಟ ಉಂಟು, ತಿರುಗುವ ಚಕ್ರದಲ್ಲಿ ಗೋಲಿ ಯಾವ ಬಣ್ಣದ ಮನೆಯಲ್ಲಿ ನಿಲ್ಲುತ್ತದೆಂದು ಪಣ ಕಟ್ಟುವುದು. ಆ ಮೇಜಿನಲ್ಲಿ ಕಂಡದ್ದು ಹೇಳುತ್ತೇನೆ: ಕೆಂಪಿನ ಮೇಲೆ 100ರ ಓಟಿಪಿ ಇಟ್ಟು ಗೆದ್ದರೆ 100ರ ನಿಜವಾದ ಚಿಪ್ ಕೊಟ್ಟರು, ಇಟ್ಟ ಚಿಪ್ಪನ್ನು ಅವರೇ ಎಳೆದುಕೊಂಡರು. ಸೋತರೂ ಎಳೆದುಕೊಂಡರು. ಚಕ್ರದಲ್ಲಿ 37 ಮನೆ. ಕೆಂಪು 18, ಕಪ್ಪು 18, ಹಸಿರು ಬಣ್ಣದ ಸೊನ್ನೆ ಒಂದು. 2,000ವನ್ನು 37ರಿಂದ ಭಾಗಿಸಿ 18ರಿಂದ ಗುಣಿಸಿ ನೋಡಿ. 973 ಬರುತ್ತದೆ. 2,000ದ ಫ್ರೀ ಅಂದರೆ ಸರಾಸರಿ 973ರ ಫ್ರೀ. ನನ್ನ ಪಾಲಿನದು ಅಷ್ಟೂ ಇಲ್ಲ. 'ನೀನು ಹೇಗೂ ಆಡುವುದಿಲ್ಲ ಅಲ್ವಾ' ಎಂದು ಪ್ರೆಸಿಡೆಂಟ್ ನನ್ನ ಚಿಪ್ಸನ್ನೂ ಬಾಚಿಕೊಂಡ.

ಅವನು ಮೊದಲು ಕೂತದ್ದು ಅಂದರ್ ಬಾಹರ್ ಎಂಬ ಇಸ್ಪೀಟಿನ ಮೇಜಿಗೆ. ನೋಡಿದರೆ ನಮ್ಮ ಉಲಾಯಿ-ಪಿದಾಯಿ! ನಮ್ಮಲ್ಲಿ ಇದನ್ನು ಗುಡ್ಡೆಯ ಮೇಲೆ ಚೀಲ ಹಾಸಿ, ಮೇಣದಬತ್ತಿ ಹಚ್ಚಿ, ಕಿವಿ ರಸ್ತೆಯ ಕಡೆಗಿಟ್ಟು ಆಡುತ್ತಾರೆ. ಪೊಲೀಸರು ಬಂದರೆ ಎಲೆ, ದುಡ್ಡು, ಬೈಕು ಎಲ್ಲ ವಶ. 1963ರ ಕರ್ನಾಟಕ ಪೊಲೀಸ್ ಕಾಯ್ದೆಯಲ್ಲಿ ಕೇಸು, ಮರುದಿನ ಪೇಪರಿನಲ್ಲಿ 'ಜುಗಾರಿ ಅಡ್ಡೆಗೆ ದಾಳಿ'. ಅಲ್ಲಿ ಅದೇ ಆಟಕ್ಕೆ ಏಸಿ, ಮೆತ್ತನೆ ಕುರ್ಚಿ, ಟೈ ಕಟ್ಟಿದ ಹುಡುಗಿ. ಗೋವಾದವರು ತಮ್ಮ 1976ರ ಜೂಜು ಕಾಯ್ದೆಯನ್ನು 1992ರಲ್ಲಿ ತಿದ್ದಿ ಪಂಚತಾರಾ ಹೋಟೆಲಿಗೆ ಸ್ಲಾಟ್ ಮೆಷಿನ್ ಬಿಟ್ಟರು. 1996ರಲ್ಲಿ ಮತ್ತೆ ತಿದ್ದಿ ಹಡಗಿಗೆ ಮೇಜಿನ ಆಟ ಬಿಟ್ಟರು. 2020ರ ಫೆಬ್ರವರಿಯಿಂದ ಗೋವಾದ ಜನ ಮಾತ್ರ ಆಡಲಿಕ್ಕೆ ಒಳಗೆ ಹೋಗುವ ಹಾಗಿಲ್ಲ. ಅಡುಗೆ ಮಾಡಿದ ಮನೆಯವರು ಊಟಕ್ಕೆ ಕೂರುವುದಿಲ್ಲ, ಬಂದವರಿಗೆ ಮಾತ್ರ ಬಡಿಸುತ್ತಾರೆ. ಇದನ್ನು ಹೇಳಿದರೆ ಪ್ರೆಸಿಡೆಂಟ್ 'ನಿನ್ನದು ಒಂದು ಪಿರಿಪಿರಿ' ಎಂದ.

ಹನ್ನೊಂದು ಗಂಟೆಗೆ ಅವನ ಸ್ವಂತ 5,000 ಮುಗಿಯಿತು. ನಾನು ಮೇಲಿನ ಮಹಡಿಯಲ್ಲಿ ಪನೀರಿನ ಜತೆ ಕೂತಿದ್ದೆ. ಬಂದು ಹೆಗಲ ಮೇಲೆ ಕೈ ಹಾಕಿದ. ಈ ಮನುಷ್ಯ ಹೆಗಲಿಗೆ ಕೈ ಹಾಕುವುದು ಎರಡೇ ಸಂದರ್ಭದಲ್ಲಿ. ಕ್ಯಾಚು ಬಿಟ್ಟಾಗ ಮತ್ತು ದುಡ್ಡು ಬೇಕಾದಾಗ. 'ಒಂದು ಐದು ಹಾಕು ಮಾರಾಯ, ಬೆಳಿಗ್ಗೆ ಕೊಡ್ತೇನೆ.' ಹಾಕಿದೆ. ಫೋನಿನಲ್ಲಿ ಒತ್ತಿದರೆ ದುಡ್ಡು ಹೋಗುತ್ತದೆ, ಸದ್ದೂ ಇಲ್ಲ. ಕೈಯಿಂದ ನೋಟು ಎಣಿಸಿ ಕೊಡುವುದಾಗಿದ್ದರೆ ನಾನು ಖಂಡಿತ ಕೊಡುತ್ತಿರಲಿಲ್ಲ.

ಒಂದು ಗಂಟೆಗೆ ಅದೂ ಮುಗಿಯಿತು. ಅಲ್ಲಿ ಗೋಡೆಯಲ್ಲಿ ಗಡಿಯಾರ ಇಲ್ಲ, ನನ್ನ ಫೋನಿನಲ್ಲಿ ನೋಡಿದ್ದು. ಈ ಸಲ ಹತ್ತು ಕೇಳಿದ. ಕೊಡುವುದಿಲ್ಲ ಎಂದೆ. 'ನಿನ್ನ ತಂಗಿ ಮದುವೆಗೆ ಪೆಂಡಾಲು ಹಾಕಿಸಿದ್ದು ಯಾರು?' ಎಂದ. ಇವನೇ. ಏನು ಮಾಡುವುದು ಹೇಳಿ? ಹಾಕಿದೆ. ಈ ಸಲ ಮಾತ್ರ ಹಿಂದೆಯೇ ಹೋದೆ, ನನ್ನ ದುಡ್ಡು ಸಾಯುವಾಗ ಹತ್ತಿರ ಒಬ್ಬನಾದರೂ ಇರಲಿ ಎಂದು.

ಈಗ ಅವನು ಚಕ್ರದ ಮೇಜಿಗೆ ಬಂದಿದ್ದ. ಪಕ್ಕದಲ್ಲಿ ಒಂದು ಬೋರ್ಡು, ಹಿಂದೆ ಬಂದ ನಂಬರುಗಳನ್ನು ತೋರಿಸುತ್ತದೆ. ಸಾಲಾಗಿ ಆರು ಕಪ್ಪು. 'ಆರು ಸಲ ಕಪ್ಪು ಬಂತು. ಇನ್ನು ಕೆಂಪು ಬರದೆ ಎಲ್ಲಿಗೆ ಹೋಗ್ತದೆ?' ಎಂದ. ಅರೆ, ಚಕ್ರಕ್ಕೆ ನೆನಪು ಉಂಟಾ? ಆರು ಸಲ ಕಪ್ಪು ಬಂದದ್ದು ಬೋರ್ಡಿಗೆ ಗೊತ್ತು, ಪ್ರೆಸಿಡೆಂಟಿಗೆ ಗೊತ್ತು. ಚಕ್ರಕ್ಕೆ ಗೊತ್ತಿಲ್ಲ. ಅದು ಪ್ರತಿ ಸಲ ಹೊಸದಾಗಿ ಹುಟ್ಟಿದ ಹಾಗೆ ತಿರುಗುತ್ತದೆ. ಆ ಬೋರ್ಡನ್ನು ಅವರು ನಮ್ಮ ಉಪಕಾರಕ್ಕೆ ಹಾಕಿದ್ದಾ?

ಕೆಂಪಿಗೆ 1,000 ಇಟ್ಟ. ಕಪ್ಪು. 2,000 ಇಟ್ಟ. ಕಪ್ಪು. 4,000 ಇಟ್ಟ. ಸೊನ್ನೆ! ಕೆಂಪೂ ಅಲ್ಲ, ಕಪ್ಪೂ ಅಲ್ಲ. ಏಳು ಸಾವಿರ ಮೂರು ಸುತ್ತಿನಲ್ಲಿ ಹೋಯಿತು. ನಾನು ಒಂದು ಪೂರಿ ತಿನ್ನುವಷ್ಟು ಹೊತ್ತೂ ಆಗಿಲ್ಲ. ಕೈಯಲ್ಲಿ 3,000 ಉಳಿದಿತ್ತು. 'ಇನ್ನು ಐದು ಹಾಕು, ಎಂಟು ಇಡ್ತೇನೆ, ಹೋದದ್ದೆಲ್ಲ ಬಂದು ಮೇಲೆ ಸಾವಿರ ಲಾಭ' ಎಂದ. ನಾನು ಫೋನು ಜೇಬಿಗೆ ಹಾಕಿ ಕೈ ಕಟ್ಟಿ ನಿಂತೆ. ಇದ್ದ 3,000ವನ್ನೇ ಕೆಂಪಿಗೆ ಇಟ್ಟ. ಕಪ್ಪು.

ಅದರ ಮುಂದಿನ ಸುತ್ತಿಗೆ ಕೆಂಪು ಬಂತು.

'ನೋಡಿದಿಯಾ? ನೀನು ಕೊಟ್ಟಿದ್ದರೆ ಗೆಲ್ತಿದ್ದೆ. ನಿನ್ನಿಂದಾಗಿ ಹೋಯ್ತು!' ಎಂದು ಅಷ್ಟು ಜನರ ಎದುರು ಬೊಬ್ಬೆ. ಗೆಲ್ಲುವುದು ಎಲ್ಲಿಂದ? ಆ ಐದು ಕೊಟ್ಟಿದ್ದರೆ ಎಂಟೂ ಕಪ್ಪಿಗೇ ಹೋಗುತ್ತಿತ್ತು. ಕೆಂಪು ಬಂದ ಸುತ್ತಿಗೆ ಇಡಲಿಕ್ಕೆ ಇನ್ನೂ 16,000 ಬೇಕಿತ್ತು. ವಾಪಸು ಬರುವಾಗ ಕಾರಿನಲ್ಲಿ ಪಣಜಿಯಿಂದ ಕಾರವಾರದವರೆಗೆ ಇದನ್ನೇ ವಿವರಿಸಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ. ಊರಿಗೆ ಮುಟ್ಟುವಾಗ ಸುದ್ದಿ ಬೇರೆಯೇ ಆಗಿತ್ತು. ನಾನು ಕೈ ಬಿಗಿ ಹಿಡಿದದ್ದರಿಂದ ಪ್ರೆಸಿಡೆಂಟ್ ಸೋತ ಎಂದು.

ಯಕ್ಷಗಾನದಲ್ಲಿ ಧರ್ಮರಾಯ ಜೂಜಿಗೆ ಕೂತರೆ ನಮಗೆಲ್ಲ ಅವನ ಮೇಲೆ ಅಯ್ಯೋ ಪಾಪ. ತಮ್ಮಂದಿರಲ್ಲಿ ಅವನು ಮೊದಲು ಪಣಕ್ಕಿಟ್ಟದ್ದು ನಕುಲನನ್ನು. ನಕುಲ ದಾಳ ಮುಟ್ಟಿದವನೂ ಅಲ್ಲ, ಆಡು ಎಂದು ಹೇಳಿದವನೂ ಅಲ್ಲ, ಸುಮ್ನೆ ಪಕ್ಕದಲ್ಲಿ ಕೂತದ್ದು. ಅವನ ಮುಖ ಹೇಗಿತ್ತೆಂದು ಯಾವ ಭಾಗವತರೂ ಹಾಡಿದ್ದು ನಾನು ಕೇಳಿಲ್ಲ. ಈಗ ನನಗೆ ಚೆನ್ನಾಗಿ ಗೊತ್ತು.

ಇನ್ನು ಚೀಟಿಗೆ ಬರುತ್ತೇನೆ. ಅವನು ಆಡಿ ಕಳೆದದ್ದು 20,000. ಅದರಲ್ಲಿ ನನ್ನದು 15,000. ಅದು 'ಎಲ್ಲರ ಪರವಾಗಿ' ಆಡಿದ್ದಂತೆ. ಹಾಗಾಗಿ ಐದು ಪಾಲು. ನನ್ನ 15,000ದಲ್ಲಿ ಗ್ರೂಪ್ ಆಟದ ಪಾಲು 4,000 ಕಳೆಯಿರಿ. ರೂಮು 1,800, ಕಾರಿನ ಖರ್ಚು 1,400, ಮಾಸ್ಟ್ರ ಪ್ಯಾಂಟು 300 ಕಳೆಯಿರಿ. ಉಳಿದದ್ದು 7,500. ಅದರ ಎದುರು ಪೆನ್ಸಿಲಿನಲ್ಲಿ 'ಮುಂದಿನ ತಿಂಗಳು'. ಉಳಿದದ್ದೆಲ್ಲ ಪೆನ್ನಿನಲ್ಲಿ ಬರೆದದ್ದು, ಇದೊಂದು ಮಾತ್ರ ಪೆನ್ಸಿಲು!

ಅದೇ ರಾತ್ರಿ ಸಣ್ಣವ 6,000 ಗೆದ್ದಿದ್ದ. ಚೀಟಿಯಲ್ಲಿ ಅದು ಎಲ್ಲಿ? ಇಲ್ಲ. ಅವನನ್ನು ಕೇಳಿದರೆ 'ಅದು ನನ್ನ ಅದೃಷ್ಟ ಅಲ್ವಾ' ಎನ್ನುತ್ತಾನೆ. ಗೆದ್ದರೆ ಒಬ್ಬನದು, ಸೋತರೆ ಗ್ರೂಪಿನದು. ಇದು ಯಾವ ಊರಿನ ಲೆಕ್ಕ? ಆದಾಯ ತೆರಿಗೆಯವರು ಜುಗಾರಿಯಲ್ಲಿ ಗೆದ್ದದ್ದಕ್ಕೆ ನೂರಕ್ಕೆ 30 ತೆಗೆದುಕೊಳ್ಳುತ್ತಾರೆ, ಸೋತದ್ದನ್ನು ಬೇರೆ ಆದಾಯದಲ್ಲಿ ಕಳೆಯಲಿಕ್ಕೆ ಬಿಡುವುದಿಲ್ಲ. ಅಷ್ಟು ದೊಡ್ಡ ಇಲಾಖೆಯೇ ಒಪ್ಪದ ನಷ್ಟವನ್ನು ಈ ಮಹಾಶಯ ನನ್ನ ಸಾಲದಲ್ಲಿ ಕಳೆದು ಕೂತಿದ್ದಾನೆ. ಉಳಿದ ಮೂವರು ಚೀಟಿಗೆ ಹೆಬ್ಬೆರಳು ಎತ್ತಿದ ಗುರುತು ಹಾಕಿದ್ದಾರೆ. ಹಾಕದೆ ಏನು? ಅವರ ನಾಲ್ಕು ಸಾವಿರ ಇನ್ನೂ ಅವರ ಜೇಬಿನಲ್ಲೇ ಉಂಟು, ಕೊಡುವ ಅಂದಾಜೂ ಕಾಣುವುದಿಲ್ಲ. ನನ್ನದು ಮಾತ್ರ ಹೋಗಿ ಆಗಿದೆ.

ನಮ್ಮ ಅಮ್ಮ ದಿನಕ್ಕೆ 100 ರೂಪಾಯಿ ಪಿಗ್ಮಿ ಕಟ್ಟುತ್ತಾರೆ. ಹೂವು ಮಾರಿ ಬಂದದ್ದರಲ್ಲಿ. ಮನೆ ಬಾಗಿಲಿಗೆ ಬಂದು ದಿನಾ ಎರಡಾಣೆ ಕೇಳಿ ತೆಗೆದುಕೊಳ್ಳುವ ಪಿಗ್ಮಿ ಉಳಿತಾಯವನ್ನು 1928ರಲ್ಲಿ ಶುರು ಮಾಡಿದ್ದೇ ಉಡುಪಿಯ ಸಿಂಡಿಕೇಟ್ ಬ್ಯಾಂಕು. ಎರಡಾಣೆ ಎರಡಾಣೆ ಕೂಡಿಸಿದ ಊರು ನಮ್ಮದು. 15,000 ಅಂದರೆ ಅಮ್ಮನ 150 ದಿನದ ಪಿಗ್ಮಿ. ಗೋವಾಕ್ಕೆ ಎಷ್ಟು ಖರ್ಚಾಯಿತು ಎಂದು ಅಮ್ಮ ಕೇಳಿದರು. ಮೂರು ಸಾವಿರ ಎಂದೆ. 'ಅಷ್ಟು ಯಾಕೆ?' ಎಂದರು.

ಇವತ್ತು ಬೆಳಿಗ್ಗೆ ಕೋಪ ತಡೆಯಲಾಗದೆ ಪ್ರೆಸಿಡೆಂಟಿಗೆ ಫೋನ್ ಮಾಡಿದೆ. ಗ್ರೂಪ್ ಆಟ ಎಂಬ ಸಾಲು ಅಳಿಸು, ನನ್ನ ದುಡ್ಡು ಪೂರ್ತಿ ಕೊಡು, ಇಲ್ಲದಿದ್ದರೆ ಟೀಮಿನ ಲೆಕ್ಕ ನಾನು ಬರೆಯುವುದಿಲ್ಲ ಎಂದೆ. ಅವನು ಸಮಾಧಾನದಿಂದ ಎಲ್ಲ ಕೇಳಿದ. ಆಮೇಲೆ ಹೇಳಿದ:

'ನಿನ್ನ ದುಡ್ಡು ಎಲ್ಲಿಗೂ ಹೋಗಿಲ್ಲ ಮಾರಾಯ, ಅಲ್ಲೇ ಉಂಟು. ನಾನೇ ತೆಗೆದು ಕೊಡ್ತೇನೆ. ಶನಿವಾರಕ್ಕೆ ಟಿಕೆಟ್ ಮಾಡಲಾ?'