ಮಧ್ಯಾಹ್ನ ಮೂರು ಗಂಟೆಯ ಸಿನಿಮಾ ನಿಂತುಹೋಯಿತು

ಹೋದ ಮಂಗಳವಾರ ಊಟ ಆದ ಮೇಲೆ ಅಮ್ಮನಿಗೆ ಎಂದಿನಂತೆ ಸಿನಿಮಾ ಹಾಕಿಕೊಡೋಣ ಅಂತ ಮೊಬೈಲ್ ತೆಗೆದೆ. ಹಳೇ ಕನ್ನಡ ಸಿನಿಮಾ ಹಾಕುತ್ತಿದ್ದ ಆನ್‌ಲೈನ್ ಚಾನೆಲ್ಲೇ ಇರಲಿಲ್ಲ. ಕಾಪಿರೈಟ್ ದೂರುಗಳು ಬಂದಿದ್ದರಿಂದ ತೆಗೆದುಹಾಕಲಾಗಿದೆ ಅಂತ ಒಂದೇ ಒಂದು ಸಾಲು ಇತ್ತು.

"ನಿನ್ನೆ 'ನಾಂದಿ' ಅರ್ಧಕ್ಕೆ ನಿಂತಿತ್ತಲ್ಲೋ, ಅದನ್ನೇ ಹಾಕು" ಅಂದಳು ಅಮ್ಮ.

ನಾಲ್ಕು ವರ್ಷದಿಂದ ಇದು ನಮ್ಮನೆಯ ಪದ್ಧತಿ. ಮಧ್ಯಾಹ್ನ ಮೂರು ಗಂಟೆಗೆ ನೀರಿನ ಚೊಂಬಿಗೆ ಮೊಬೈಲ್ ಆನಿಸಿ ಇಟ್ಟರೆ ಅಮ್ಮ ಗೋಡೆಗೆ ದಿಂಬು ಕೊಟ್ಟು ಕೂರುತ್ತಾಳೆ. ಕಪ್ಪು ಬಿಳುಪು ಸಿನಿಮಾನೇ ಆಗಬೇಕು. 'ಬೇಡರ ಕಣ್ಣಪ್ಪ' ಎಷ್ಟು ಸಲ ನೋಡಿದ್ದಾಳೋ ಲೆಕ್ಕವಿಲ್ಲ. ಅದು ಬಂದಿದ್ದು 1954ರಲ್ಲಿ. ಮುತ್ತುರಾಜ್ ಅನ್ನೋ ನಾಟಕದ ಹುಡುಗನಿಗೆ ಎಚ್.ಎಲ್.ಎನ್. ಸಿಂಹ ಅವರು ರಾಜ್‌ಕುಮಾರ್ ಅಂತ ಹೆಸರಿಟ್ಟ ಸಿನಿಮಾ. ಅಮ್ಮ ಅದನ್ನು ಮೊದಲು ನೋಡಿದ್ದು ಟೆಂಟಿನಲ್ಲಿ, ನೆಲದ ಟಿಕೆಟ್‌ನಲ್ಲಿ. ಮುಂದೆ ಕೂತವರ ತಲೆ ಅಡ್ಡ ಬರಬಾರದು ಅಂತ ಮಕ್ಕಳೆಲ್ಲ ಮರಳನ್ನು ಗುಡ್ಡೆ ಮಾಡಿಕೊಂಡು ಅದರ ಮೇಲೆ ಕೂರುತ್ತಿದ್ದರಂತೆ. ಶಿವಲಿಂಗಕ್ಕೆ ಕಣ್ಣು ಕಿತ್ತು ಕೊಡುವ ದೃಶ್ಯ ಬಂದಾಗ ಅವಳು ಈಗಲೂ ಎರಡೂ ಕೈ ಜೋಡಿಸುತ್ತಾಳೆ. ಆರು ಇಂಚಿನ ಪರದೆಯ ಮುಂದೆ.

ಆ ಚಾನೆಲ್ ನಡೆಸುತ್ತಿದ್ದವರು ಯಾರೋ ನನಗೆ ಗೊತ್ತಿಲ್ಲ. ಹಳೇ ವಿಸಿಡಿ, ಟಿವಿಯಲ್ಲಿ ಬಂದಾಗ ಹಿಡಿದಿಟ್ಟುಕೊಂಡ ಟೇಪು, ಹೀಗೆ ಎಲ್ಲೆಲ್ಲಿಂದಲೋ ಕೂಡಿಸಿ ಹಾಕುತ್ತಿದ್ದರು. ಚಿತ್ರ ಚೆನ್ನಾಗಿರುತ್ತಿರಲಿಲ್ಲ. ಮಳೆ ಬಂದ ಹಾಗೆ ಗೆರೆಗಳು, ಚರಚರ ಅನ್ನೋ ಶಬ್ದ. ರೀಲು ಬದಲಾಗುವ ಹೊತ್ತಿಗೆ ಬಲಗಡೆ ಮೂಲೆಯಲ್ಲಿ ಒಂದು ದುಂಡನೆಯ ಚುಕ್ಕೆ ಮಿಂಚಿ ಹೋಗುತ್ತಿತ್ತು. ಪ್ರೊಜೆಕ್ಟರ್ ಓಡಿಸುವವನಿಗೆ ಅದು ಸೂಚನೆ. ಆದರೆ ಪ್ರತಿ ಸಿನಿಮಾದ ಕೆಳಗೆ ನಿರ್ದೇಶಕರು ಯಾರು, ಹಾಡಿದವರು ಯಾರು, ಯಾವ ವರ್ಷ ಅಂತ ಚೊಕ್ಕವಾಗಿ ಕನ್ನಡದಲ್ಲಿ ಬರೆದಿರುತ್ತಿದ್ದರು. ಒಂದು ಪೈಸೆ ಕೇಳಿದವರಲ್ಲ.

ಮತ್ತೆ ಆ ಕಮೆಂಟುಗಳು! ನನಗೆ ಸಿನಿಮಾದಷ್ಟೇ ಅವೂ ಮುಖ್ಯವಾಗಿದ್ದವು. ಒಬ್ಬರು ದುಬೈನಿಂದ ಬರೆದಿದ್ದರು, ಅವರ ತಂದೆ ಟೆಂಟಿನಲ್ಲಿ ರೀಲು ಸುತ್ತುವ ಕೆಲಸ ಮಾಡುತ್ತಿದ್ದರಂತೆ. ಸಿನಿಮಾ ನೋಡುತ್ತಿದ್ದರೆ ಅಪ್ಪನ ಅಂಗಿಗೆ ಅಂಟಿದ್ದ ಪ್ರೊಜೆಕ್ಟರ್ ದೀಪದ ಕಾರ್ಬನ್ ವಾಸನೆ ನೆನಪಾಗುತ್ತದೆ ಅಂತ. ಇಂಥವು ನೂರಾರು ಇದ್ದವು. ಸಿನಿಮಾ ಎಲ್ಲಾದರೂ ಮತ್ತೆ ಸಿಕ್ಕೀತು, ಇವನ್ನು ಎಲ್ಲಿಂದ ತರೋದು?

ಒಂದು ಮಾತು ನೇರವಾಗಿ ಹೇಳಿಬಿಡುತ್ತೇನೆ. ದೂರು ಕೊಟ್ಟವರದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ. ಆ ಚಾನೆಲ್‌ನಲ್ಲಿ 70ರ ದಶಕದ ಸಿನಿಮಾಗಳೂ ಇದ್ದವು. ಅವುಗಳ ಹಕ್ಕು ಇನ್ನೂ ನಿರ್ಮಾಪಕರ ಮನೆಯವರದ್ದೋ, ದುಡ್ಡು ಕೊಟ್ಟು ಕೊಂಡವರದ್ದೋ ಇರುತ್ತದೆ. ಮನೆ ಅಡ ಇಟ್ಟು ಸಿನಿಮಾ ಮಾಡಿದವರ ಮಕ್ಕಳಿಗೆ ನಾಲ್ಕು ಕಾಸು ಬರಲಿ. ಖಂಡಿತ ಬರಲಿ.

ನನ್ನ ಸಂಕಟ ಬೇರೆ. ನಮ್ಮ ದೇಶದ ಕಾನೂನಿನಲ್ಲಿ ಸಿನಿಮಾದ ಹಕ್ಕು 60 ವರ್ಷ. ತೆರೆಕಂಡ ಮಾರನೇ ವರ್ಷದಿಂದ ಲೆಕ್ಕ. ಅಂದರೆ 'ಬೇಡರ ಕಣ್ಣಪ್ಪ' 2014ರ ಕೊನೆಗೇ ಹಕ್ಕಿನಿಂದ ಬಿಡುಗಡೆ ಆಯಿತು. 1960ರ 'ರಣಧೀರ ಕಂಠೀರವ', 1961ರ 'ಕಿತ್ತೂರು ಚೆನ್ನಮ್ಮ', ಅಮ್ಮ ಅರ್ಧ ನೋಡಿದ 1964ರ 'ನಾಂದಿ', ಎಲ್ಲದರ ಅವಧಿಯೂ ಮುಗಿದಿದೆ. ಹಾಡು, ಸಾಹಿತ್ಯದ ಲೆಕ್ಕ ಬೇರೆ ಇದೆ, ಅದಿರಲಿ. ಇಂಥ ತಾಣಗಳಲ್ಲಿ ಮೂರು ದೂರು ಬಿದ್ದರೆ ಇಡೀ ಚಾನೆಲ್ಲೇ ಹೋಗುತ್ತದೆ. 70ರ ದಶಕದ ಮೂರು ಸಿನಿಮಾಕ್ಕೆ ಬಂದ ದೂರಿಗೆ 50ರ ದಶಕದ ಸಿನಿಮಾಗಳೂ ಒಟ್ಟಿಗೆ ಹೋದವು. ಕಾಗದದ ಮೇಲೆ ಅವು ಎಲ್ಲರ ಸೊತ್ತು. ನೋಡೋಕೆ ಪ್ರತಿಯೇ ಇಲ್ಲ ಅಂದ ಮೇಲೆ ಆ ಸೊತ್ತು ತಗೊಂಡು ಏನು ಮಾಡೋದು?

ದೊಡ್ಡ ಸಿನಿಮಾಗಳು ಬೇರೆ ಕಡೆ ಸಿಗುತ್ತವೆ, ನಿಜ. ನನಗೆ ಹೊಟ್ಟೆ ಉರಿಯೋದು ಚಿಕ್ಕವುಗಳ ಬಗ್ಗೆ. ಉದಯಕುಮಾರ್, ಕಲ್ಯಾಣ್‌ಕುಮಾರ್ ನಟಿಸಿದ್ದು, ಹೆಸರೂ ಯಾರಿಗೂ ನೆನಪಿಲ್ಲದ್ದು. ಅವಕ್ಕೆ ಅಭಿಮಾನಿ ಸಂಘ ಇಲ್ಲ, ಬಣ್ಣ ತುಂಬಿ ಮತ್ತೆ ಬಿಡುಗಡೆ ಮಾಡುವವರಿಲ್ಲ. ನಮ್ಮ ಮೊದಲ ವಾಕ್ಚಿತ್ರ, 1934ರ 'ಸತಿ ಸುಲೋಚನ', ಅದರ ಒಂದು ಪ್ರತಿಯೂ ಉಳಿದಿಲ್ಲ. ಆಗಿನ ಫಿಲಂ ನೈಟ್ರೇಟ್ ಅನ್ನೋ ರಾಸಾಯನಿಕದ್ದು, ತಾನಾಗೇ ಕೊಳೆಯುತ್ತದೆ, ಬೇಗ ಹೊತ್ತಿಕೊಳ್ಳುತ್ತದೆ. ಫಿಲಂನಲ್ಲಿರೋ ಬೆಳ್ಳಿಗೋಸ್ಕರ ಹಳೇ ಪ್ರಿಂಟುಗಳನ್ನು ಕರಗಿಸಿದ್ದೂ ಉಂಟು. 2003ರಲ್ಲಿ ಪುಣೆಯಲ್ಲಿ ಬೆಂಕಿ ಬಿದ್ದು ರಾಷ್ಟ್ರೀಯ ಚಲನಚಿತ್ರ ಸಂಗ್ರಹದ ಎಷ್ಟೋ ರೀಲುಗಳು ಸುಟ್ಟವು.

ಮನಸ್ಸು ಮಾಡಿದರೆ ಆಗುತ್ತದೆ ಅನ್ನೋದೂ ಗೊತ್ತು. ಗಿರೀಶ್ ಕಾಸರವಳ್ಳಿ ಅವರ 1977ರ 'ಘಟಶ್ರಾದ್ಧ'ವನ್ನು ಫ್ರೇಮ್ ಫ್ರೇಮ್ ತೊಳೆದು ಸರಿಮಾಡಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಅಷ್ಟೆಲ್ಲ ಬೇಡ. ನಮ್ಮಲ್ಲಿ ಚಲನಚಿತ್ರ ಅಕಾಡೆಮಿ ಇದೆ, ವಾರ್ತಾ ಇಲಾಖೆ ಇದೆ. 1964ರವರೆಗಿನ ಕನ್ನಡ ಸಿನಿಮಾಗಳಲ್ಲಿ ಸಿಕ್ಕಷ್ಟನ್ನು ಕಾನೂನು ನೋಡಿಕೊಂಡು ಒಂದೇ ಕಡೆ ಹಾಕಲಿ. ಗೆರೆ ಇದ್ದರೂ ಸರಿ, ಗೊರಗೊರ ಅಂದರೂ ಸರಿ. ಹಕ್ಕು ಇರುವವರು ದುಡ್ಡಿಟ್ಟು ಹಾಕಲಿ, ತಿಂಗಳಿಗೆ ನೂರು ರೂಪಾಯಿ ಕೊಡೋಕೆ ನಾನು ರೆಡಿ. ನನ್ನಂಥವರು ಸಾವಿರಾರು ಜನ ಇದ್ದಾರೆ ಅಂತ ನನಗೆ ನಂಬಿಕೆ.

'ನಾಂದಿ' ಆಮೇಲೆ ಇನ್ನೊಂದು ಕಡೆ ಸಿಕ್ಕಿತು. ಕಿವಿ ಕೇಳದ ಹೆಂಡತಿಯಾಗಿ ಹರಿಣಿ ಬಂದರು, ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆದರೆ ಅವಳ ಪಟ್ಟಿಯಲ್ಲಿ ಇನ್ನೂ ಆರೇಳು ಇವೆ, ಹುಡುಕಿ ಸಾಕಾಯಿತು.

ನಿಮ್ಮಲ್ಲಿ ಯಾರ ಮನೆಯ ಅಟ್ಟದ ಮೇಲಾದರೂ ಹಳೇ ಕನ್ನಡ ವಿಸಿಡಿಗಳು ಇದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ, ನನಗೊಂದು ಮೆಸೇಜ್ ಮಾಡಿ. ನಾನೇ ಬಂದು ತಗೊಂಡು ಹೋಗಿ, ಅಮ್ಮ ನೋಡಿದ ಮೇಲೆ ಜೋಪಾನವಾಗಿ ವಾಪಸ್ ತಂದು ಕೊಡುತ್ತೇನೆ. ಬಾಡಿಗೆ ಅಂಗಡಿಯ ಚೀಟಿ ಅಂಟಿರೋ, ಗೀರು ಬಿದ್ದಿರೋ ಡಿಸ್ಕ್ ಆದರೂ ಪರವಾಗಿಲ್ಲ.