ಪಂಚತಿಕ್ತ ಘೃತವೂ ಸೊಸೈಟಿಯ ಸೆಕ್ರೆಟರಿಯೂ

ಔಷಧಿಯ ತುಪ್ಪಕ್ಕಿರುವ ದೊಡ್ಡ ದೋಷವೆಂದರೆ ಅದು ತುಪ್ಪದಂತೆಯೇ ಕಾಣುವುದು. ಕಷಾಯವು ಬಣ್ಣದಿಂದಲೇ ಎಚ್ಚರಿಸುತ್ತದೆ, ಲೇಹ್ಯವು ತನ್ನ ಕಪ್ಪು ಮುಖ ತೋರಿಸಿ ನಮ್ಮನ್ನು ದೂರ ನಿಲ್ಲಿಸುತ್ತದೆ. ಘೃತ ಮಾತ್ರ ಸ್ಟೀಲ್ ಡಬ್ಬಿಯೊಳಗೆ ಪರಮ ಸಜ್ಜನನಂತೆ ಕುಳಿತು ಯಾರಾದರೂ ಚಮಚ ಹಾಕಲೆಂದು ಕಾಯುತ್ತಿರುತ್ತದೆ. ತುಪ್ಪವು ತನ್ನ ಗುಣವನ್ನು ಬಿಟ್ಟುಕೊಡದೆ, ಜೊತೆಗೆ ಸಂಸ್ಕಾರಗೊಂಡ ದ್ರವ್ಯದ ಗುಣವನ್ನೂ ಹೊತ್ತುಕೊಳ್ಳುತ್ತದೆಯೆಂದು ಚರಕ ಸಂಹಿತೆ ಹೊಗಳುತ್ತದೆ. ಮುಂಬಯಿಯ ಹೊರವಲಯದ ಡೊಂಬಿವಲಿಯ ಒಂದು ಬೆಡ್‌ರೂಮಿನ ಮನೆಯಲ್ಲಿ ಅದೇ ಗುಣವನ್ನು ಪರದೆ, ದಿಂಬು ಮತ್ತು ಮಳೆಗಾಲದಲ್ಲಿ ಒಳಗೇ ಒಣಹಾಕಿದ ಬಟ್ಟೆಗಳು ಸಹ ಹೊತ್ತುಕೊಳ್ಳುತ್ತವೆಯೆಂದು ಅಲ್ಲಿ ಹೇಳಿಲ್ಲ. ಚರಕರ ಕಾಲಕ್ಕೆ ಸೆಂಟ್ರಲ್ ರೈಲ್ವೆ ಇರಲಿಲ್ಲ.

ನಮ್ಮ ಯಜಮಾನರಿಗೆ ಮಳೆಗಾಲ ಬಂತೆಂದರೆ ಮೈ ತುರಿಕೆ. ವೈದ್ಯರು ಪಂಚತಿಕ್ತ ಘೃತವನ್ನು, ಎಂದರೆ ಐದು ಕಹಿಗಳೊಡನೆ ಕಾಯಿಸಿದ ತುಪ್ಪವನ್ನು, ಬರೆದುಕೊಟ್ಟರು. ಅದರ ಸೀಸೆ ಅಂಗಡಿಯಲ್ಲಿ ಸಿಗುತ್ತಿತ್ತು. ಆದರೆ ಆ ವೇಳೆಗೆ ಧಾರವಾಡದಿಂದ ಬಂದಿಳಿದಿದ್ದ ನಮ್ಮ ಅತ್ತೆ, “ಅಂಗಡ್ಯಾಗಿಂದು ಯಾರು ಕಾಸ್ಯಾರೋ ಏನೋ” ಎಂದು ಅದನ್ನು ಒಂದೇ ಮಾತಿನಲ್ಲಿ ತಳ್ಳಿಹಾಕಿದರು. ಅವರ ತವರಿನಲ್ಲಿ ಘೃತ ಕಾಯಿಸುವುದು ವಾಡಿಕೆಯಾಗಿತ್ತಂತೆ. ಅವರೊಡನೆ ಫೋನಿನಲ್ಲಿ ವಾದಿಸಲು ಯತ್ನಿಸಿದ ವೈದ್ಯರು ಸ್ವಲ್ಪ ಹೊತ್ತಿನಲ್ಲಿಯೇ ಶಿಷ್ಯವೃತ್ತಿಗೆ ಇಳಿದರು.

ಮುಂಬಯಿಯ ಕಾಳಬಾದೇವಿಯ ಗಿಡಮೂಲಿಕೆ ಅಂಗಡಿಯಿಂದ ಬೇವು, ಅಮೃತಬಳ್ಳಿ, ಆಡುಸೋಗೆ, ನೆಲಗುಳ್ಳ, ಕಹಿಪಡವಲ ಬಂದವು. ಇವೇ ಆ ಐದು ಕಹಿಗಳು. ಒಂದು ಸಾಲದೆಂದು ಐದನ್ನು ಕೂಡಿಸಿದ ಪೂರ್ವಜರ ಉತ್ಸಾಹ ದೊಡ್ಡದು. ಅರೆದು ಹಾಕುವ ಕಲ್ಕಕ್ಕೆ ಅಳಲೆ, ತಾರೆ, ನೆಲ್ಲಿಗಳ ತ್ರಿಫಲೆ. ಕಲ್ಕ ಒಂದು ಪಾಲಾದರೆ ತುಪ್ಪ ನಾಲ್ಕು ಪಾಲು, ದ್ರವ ಹದಿನಾರು ಪಾಲು ಎಂಬುದು ಶಾಸ್ತ್ರದ ಸಾಮಾನ್ಯ ಲೆಕ್ಕ. ಅಂದರೆ ಅರ್ಧ ಕಿಲೋ ತುಪ್ಪಕ್ಕೆ 125 ಗ್ರಾಂ ಕಲ್ಕ ಮತ್ತು 2 ಲೀಟರ್ ಕಷಾಯ. ಮೊದಲು ರಾಶಿ ನೀರಿನಲ್ಲಿ ಸೊಪ್ಪು ಬೇರುಗಳನ್ನು ಕುದಿಸಿ ಕಷಾಯವನ್ನು ಇಳಿಸಬೇಕು, ಬಳಿಕ ಆ ಕಷಾಯದಲ್ಲಿರುವ ನೀರೆಲ್ಲ ಆರುವ ತನಕ ಸಣ್ಣ ಉರಿಯಲ್ಲಿ ತುಪ್ಪವನ್ನು ಕಾಯಿಸಬೇಕು. ಹೀಗೆ ನೀರನ್ನು ಸೇರಿಸುವುದು, ಆಮೇಲೆ ಅದನ್ನೇ ಓಡಿಸುವುದು, ಇದರ ನಡುವೆ ಗ್ಯಾಸಿನ ಮೀಟರು ತನ್ನ ಪಾಡಿಗೆ ತಾನು ತಿರುಗುತ್ತಿರುವುದು.

ಎರಡನೆಯ ದಿನ ಸಂಜೆಗೆ ಆ ವಾಸನೆ ಲಿಫ್ಟಿನಲ್ಲಿ ಇಳಿದು ಪಾರ್ಕಿಂಗ್ ತಲುಪಿತ್ತು. ಮೂರನೆಯ ಮಹಡಿಯವರು ಗ್ಯಾಸ್ ಸೋರುತ್ತಿದೆಯೆಂದರು, ಐದನೆಯ ಮಹಡಿಯವರು ವೈರು ಸುಡುತ್ತಿದೆಯೆಂದರು. ನಮ್ಮ ಹೌಸಿಂಗ್ ಸೊಸೈಟಿಯ ಸೆಕ್ರೆಟರಿ ವಾಚ್‌ಮನ್ನನನ್ನು ಹಿಂದಿಟ್ಟುಕೊಂಡು ನಮ್ಮ ಬಾಗಿಲಿಗೆ ಬಂದಾಗ ಅತ್ತೆ ಪಾಕದ ಪರೀಕ್ಷೆಯಲ್ಲಿದ್ದರು. ಕಲ್ಕವನ್ನು ಬೆರಳುಗಳ ನಡುವೆ ಹೊಸೆದಾಗ ಬತ್ತಿಯಾಗಬೇಕು, ಆ ಬತ್ತಿಯನ್ನು ಬೆಂಕಿಗೆ ಹಿಡಿದಾಗ ಚಟಪಟ ಎನ್ನಬಾರದು. ಚಟಪಟ ಎಂದಿತೆಂದರೆ ಒಳಗೆ ಇನ್ನೂ ನೀರಿದೆ ಎಂದರ್ಥ. ಗ್ಯಾಸ್ ಸೋರಿಕೆಯ ತಪಾಸಣೆಗೆ ಬಂದ ಮನುಷ್ಯನ ಕಣ್ಣೆದುರಿಗೆ, ಎಪ್ಪತ್ತು ದಾಟಿದ ಹೆಂಗಸೊಬ್ಬರು ಕಡುಹಸಿರು ಬತ್ತಿಯೊಂದನ್ನು ಉರಿಯುವ ಬರ್ನರಿಗೆ ಹಿಡಿದು, ಅದಕ್ಕೆ ಕಿವಿಗೊಟ್ಟು ನಿಂತಿದ್ದರು. ವಾಚ್‌ಮನ್ ಮೆಟ್ಟಿಲಿನಲ್ಲಿಯೇ ಉಳಿದನು. ಬತ್ತಿ ಚಟಪಟ ಎನ್ನಲಿಲ್ಲ, ನೊರೆಯೂ ಅಡಗಿತ್ತು; ಕುಡಿಯುವ ಘೃತಕ್ಕೆ ಬೇಕಾದ ಮಧ್ಯಮ ಪಾಕ ಇದೇ ಎಂದು ಅತ್ತೆ ಅವರಿಗೆ ಅರ್ಧ ಮರಾಠಿಯಲ್ಲಿ ಘೋಷಿಸಿದರು.

ಆಮೇಲೆ ಯಜಮಾನರು ದಿನವೂ ಖಾಲಿ ಹೊಟ್ಟೆಗೆ ಒಂದು ಚಮಚ ಘೃತ, ಅದರ ಮೇಲೆ ಬಿಸಿನೀರು ಕುಡಿದು ಲೋಕಲ್ ರೈಲು ಹಿಡಿಯತೊಡಗಿದರು. ತಣ್ಣೀರು ಮಾತ್ರ ನಿಷಿದ್ಧ. ಆ ಹೊತ್ತಿನ ಅವರ ಮುಖಭಾವದಿಂದಾಗಿ ಮೂವರ ಬೆಂಚಿನಲ್ಲಿ ಒತ್ತರಿಸಿ ಕೂರುವ ನಾಲ್ಕನೆಯ ಸೀಟು ಸುಲಭವಾಗಿ ಸಿಗುತ್ತಿತ್ತೆಂದು ಅವರೇ ಹೇಳಿದ್ದಾರೆ.

ಗಣೇಶ ಚತುರ್ಥಿಗೆ ಸೆಕ್ರೆಟರಿ ಸಂಸಾರಸಮೇತ ದರ್ಶನಕ್ಕೆ ಬಂದರು. ಆವಿಯಲ್ಲಿ ಬೆಂದ ಮೋದಕವನ್ನು ತುದಿ ಮುರಿದು, ಒಳಗೆ ತುಪ್ಪ ಸುರಿದು ಕೊಡುವುದು ಇಲ್ಲಿಯ ಪದ್ಧತಿ. ಬಡಿಸಲು ನಿಂತ ನನ್ನ ಮೈದುನ ಕಪಾಟಿನಲ್ಲಿ ಕೈಗೆ ಸಿಕ್ಕ ಡಬ್ಬಿಯಿಂದ ಧಾರಾಳವಾಗಿ ಸುರಿದನು. ಸೆಕ್ರೆಟರಿ ಮೊದಲ ತುತ್ತನ್ನು ಬಾಯಿಗಿಟ್ಟವರು ಗಣಪತಿಯ ಕಡೆಗೊಮ್ಮೆ ನೋಡಿದರು. ಪ್ರಸಾದವನ್ನು ಉಗುಳುವಂತಿಲ್ಲ. ಬೆಲ್ಲ ಕಾಯಿಗಳ ಸಿಹಿಯನ್ನು ದಾಟಿ ಐದು ಕಹಿಗಳೂ ಒಂದಾದ ಮೇಲೊಂದು ಬಂದವೆಂಬುದು ಅವರ ಹುಬ್ಬುಗಳಿಂದ ನಮಗೆ ತಿಳಿಯಿತು. ಪೂರ್ತಿ ತಿಂದು ಮುಗಿಸಿ, “ಹಿಟ್ಟು ಯಾವುದು?” ಎಂದಷ್ಟೇ ಕೇಳಿದರು. ಆ ಮರಾಠಿ ಸೌಜನ್ಯಕ್ಕೆ ನಾನು ಇಂದಿಗೂ ತಲೆಬಾಗುತ್ತೇನೆ.

ಅತ್ತೆಗೆ ಮಾತ್ರ ಅವರಲ್ಲಿ ಒಬ್ಬ ರೋಗಿ ಕಂಡನು. ಕಂಪ್ಯೂಟರ್ ನೋಡಿ ನೋಡಿ ಕಣ್ಣು ಉರಿಯುತ್ತದೆಯೆಂದು ಅವರು ಹಿಂದೊಮ್ಮೆ ಆಡಿದ್ದ ಮಾತನ್ನು ನೆನಪಿಟ್ಟುಕೊಂಡು, ಅದಕ್ಕೆ ತ್ರಿಫಲಾ ಘೃತದ ನೇತ್ರತರ್ಪಣವಿದೆಯೆಂದರು. ರೋಗಿಯನ್ನು ಅಂಗಾತ ಮಲಗಿಸಿ, ಕಣ್ಣಿನ ಸುತ್ತ ಉದ್ದಿನ ಹಿಟ್ಟಿನ ಕಟ್ಟೆ ಕಟ್ಟಿ, ಉಗುರುಬೆಚ್ಚಗಿನ ಘೃತವನ್ನು ಅದರೊಳಗೆ ತುಂಬಿಸಿ, ರೆಪ್ಪೆಗಳನ್ನು ಮೆಲ್ಲಗೆ ತೆರೆದು ಮುಚ್ಚಿಸುವ ವಿಧಾನವನ್ನು ಅವರು ಕೈಸನ್ನೆಗಳೊಡನೆ ವಿವರಿಸಿದರು. ಇದು ವೈದ್ಯರೇ ಮಾಡಬೇಕಾದ ಕೆಲಸ ಎಂದು ನಾನು ನಡುವೆ ಬಾಯಿ ಹಾಕಿದ್ದು ಯಾರಿಗೂ ಕೇಳಿಸಲಿಲ್ಲ. ಉದ್ದಿನ ಹಿಟ್ಟು ಮನೆಯಲ್ಲಿಯೇ ಇದೆಯೆಂದು ಅತ್ತೆ ಹೇಳುವಷ್ಟರಲ್ಲಿ ಸೆಕ್ರೆಟರಿ ಚಪ್ಪಲಿ ಮೆಟ್ಟಿದ್ದರು.

ಈಗ ಮೇಂಟೆನೆನ್ಸ್ ಬಿಲ್ಲು ನಮ್ಮ ಬಾಗಿಲಿನ ಸಂದಿಯಿಂದ ತಾನಾಗಿ ಒಳಗೆ ಬರುತ್ತದೆ, ಬೆಲ್ ಒತ್ತುವವರಿಲ್ಲ.